ತೊಕ್ಕುಸಾಮಿ ಬರೆದ ಮುಖಗಳು

ಕುರಹಾಶಿ ತೊಕುಜಿ ತಮಿಳು ಸೀಮೆಯ ಬೆಟ್ಟದ ಕಣಿವೆಯಲ್ಲಿ ಕನ್ನಡದವರಿದ್ದ ಹನುಮಂತನಪಟ್ಟಿಗೆ ಬಂದದ್ದು 1894ರ ಮಾಸಿ ತಿಂಗಳಲ್ಲಿ, ಚಳಿ ಮುಗಿಯುವ ಹೊತ್ತಿಗೆ, ಪಿಚ್ಚೈಯ ಹಿಂದೆ ನಡೆದುಕೊಂಡು. ಪಿಚ್ಚೈ ಸಿಲೋನಿನ ಟೀ ತೋಟದಲ್ಲಿ ಹನ್ನೊಂದು ವರ್ಷ ದುಡಿದು ಊರಿಗೆ ಮರಳುತ್ತಿದ್ದ. ಅವನ ತಲೆಯ ಮೇಲೊಂದು ತಗಡಿನ ಪೆಟ್ಟಿಗೆ. ಹಿಂದೆ ಬರುತ್ತಿದ್ದ ಬೋಳುತಲೆಯ ಗಿಡ್ಡ ಮನುಷ್ಯನ ಬೆನ್ನ ಮೇಲೆ ಇನ್ನೊಂದು, ಮರದ್ದು. ಪಿಚ್ಚೈಯ ಅಕ್ಕ ಗೋವಿಂದಮ್ಮಾಳ್ ಬಾಗಿಲಲ್ಲೇ ನಿಂತು ಕೇಳಿದಳು.

"ಯಾರಲಾ ಇವ? ಚೀನಾಕಾರನಾ?"

"ಜಪ್ಪಾನ್‌ಕಾರ, ಅಕ್ಕಾ. ಪಡಂ, ಚಿತ್ರ ಬರೀತಾನೆ. ಉತ್ತಮಪಾಳಯದ ಬಂಡೆ ಮ್ಯಾಲೆ ಕುಂತವ್ರಲ್ಲ ಸಾಮಿಗೋಳು, ಅವ್ರನ್ನ ನೋಡಾಕೆ ಬಂದವ್ನೆ."

"ಮೀನು ತಿಂತಾನಾ?"

"ತಿನ್ನಾಕಿಲ್ಲ."

"ಅಂಗಾರೆ ಕೊಟ್ಟಿಗೇಲಿ ಮಲಗ್ಲಿ."

ಗೋವಿಂದಮ್ಮಾಳ್‌ಗೆ ಐವತ್ತು ದಾಟಿತ್ತು. ಗಂಡ ತೀರಿಹೋದ ಮೇಲೆ ಎರಡು ತುಂಡು ಗದ್ದೆಯನ್ನು ಒಬ್ಬಳೇ ಸಾಗುವಳಿ ಮಾಡಿಕೊಂಡು ಬಂದವಳು. ಮಾತು ಕಡಿಮೆ, ಇದ್ದದ್ದು ಒರಟು. ಊರಿನವರು ಅವಳ ಹಿಂದೆ ಬಯ್ಯುತ್ತಿದ್ದರು, ಎದುರಿಗೆ ಸಿಕ್ಕರೆ ದಾರಿ ಬಿಡುತ್ತಿದ್ದರು.

ತೊಕುಜಿಯ ತಂದೆ ಜಪಾನಿನ ಕಡಲತೀರದ ಒಂದು ಊರಿನಲ್ಲಿ ಬೌದ್ಧ ದೇವಾಲಯಗಳಿಗೆ ಚಿತ್ರ ಬರೆಯುವವನಾಗಿದ್ದ. ಅವನು ಬರೆದುದರಲ್ಲೆಲ್ಲ ದೊಡ್ಡದು ಬುದ್ಧನ ಪರಿನಿರ್ವಾಣದ ಪಟ. ಎರಡಾಳು ಎತ್ತರದ ಆ ಪಟದಲ್ಲಿ ಬುದ್ಧ ಮರಗಳ ನಡುವೆ ಬಲಮಗ್ಗುಲಾಗಿ ಮಲಗಿದ್ದಾನೆ. ಸುತ್ತ ಶಿಷ್ಯರು, ರಾಜರು, ಮುದುಕಿಯರು, ಆನೆ, ಎತ್ತು, ಹಾವು ಎಲ್ಲವೂ ಅಳುತ್ತಿವೆ. ತೊಕುಜಿಗೆ ಒಂಬತ್ತು ವರ್ಷವಾಗಿದ್ದಾಗ ದೇಶದಲ್ಲಿ ಹೊಸ ಸರ್ಕಾರ ಬಂತು. ಬುದ್ಧ ಪರದೇಶದ ದೇವರೆಂದು ಕೂಗೆದ್ದು, ಜನ ದೇವಾಲಯಗಳಿಗೆ ನುಗ್ಗಿದರು. ತಂದೆಯ ಪಟವನ್ನು ಅಂಗಳಕ್ಕೆ ಎಳೆದು ಬೆಂಕಿ ಹಚ್ಚಿದರು. ತಂದೆ ಒಂದು ಮಾತೂ ಆಡದೆ ತಲೆ ಬಗ್ಗಿಸಿ ನಿಂತಿದ್ದ. ಆ ಮೌನವನ್ನು ತಂದೆ ಇರುವವರೆಗೂ ಮಗ ಕ್ಷಮಿಸಲಿಲ್ಲ. ಆಮೇಲೆ ತಂದೆ ಕೊಡೆಗಳ ಮೇಲೆ ಹೂವು ಬರೆದು ಹೊಟ್ಟೆ ಹೊರೆದು ಸತ್ತ. ಮಗ ಟೋಕಿಯೋಗೆ ಹೋಗಿ ಯುರೋಪಿನವರ ಚಿತ್ರಕಲೆ ಕಲಿತ, ವೈದ್ಯರ ಪುಸ್ತಕಗಳಿಗೆ ಮೂಳೆ ನರಗಳ ಚಿತ್ರ ಬರೆದುಕೊಟ್ಟ. ಇಪ್ಪತ್ತೊಂಬತ್ತಕ್ಕೆ ಅದೆಲ್ಲವನ್ನೂ ಬಿಟ್ಟು, ಒಬ್ಬ ಭಿಕ್ಷುವಿನ ಜೊತೆ ಸಿಲೋನಿಗೆ ಹಡಗು ಹತ್ತಿದ.

ಸುಟ್ಟುಹೋದ ಪಟವನ್ನು ಮತ್ತೆ ಬರೆಯಬೇಕೆಂಬುದು ಅವನ ಹಟ. ಆದರೆ ತಂದೆ ಬರೆದ ಮುಖಗಳೆಲ್ಲ ಹಳೆಯ ಪಟಗಳಿಂದ ನಕಲು ಮಾಡಿದವು. ಬುದ್ಧನಿಗಾಗಿ ಅತ್ತವರು ಈ ಭರತಖಂಡದ ಬಿಸಿಲಲ್ಲಿ ದುಡಿದ ಜನ. ಅವರ ಮುಖವನ್ನು ನೋಡದೆ ಬರೆಯುವುದು ಹೇಗೆ? ಸಿಲೋನಿನಿಂದ ಉತ್ತರಕ್ಕೆ ಹೊರಟವನನ್ನು, ತಮ್ಮೂರ ಬಂಡೆಯ ಮೇಲೆ ಸಾಮಿಗಳು ಕೂತಿದ್ದಾರೆ ಎಂದು ದಾರಿಯಲ್ಲಿ ಜೊತೆಯಾದ ಪಿಚ್ಚೈ ಆಡಿದ ಮಾತು ಈ ಕಣಿವೆಗೆ ಎಳೆದು ತಂದಿತು.

ಬಂಡೆ ಅವನನ್ನು ನಿರಾಸೆಗೊಳಿಸಿತು. ಎರಡು ಸಾಲಿನಲ್ಲಿ ಕೆತ್ತಿದ್ದ ಆ ಮೂರ್ತಿಗಳ ಮೈಮೇಲೆ ಭಿಕ್ಷುವಿನ ಚೀವರವಿರಲಿಲ್ಲ, ತಲೆಯ ಮೇಲೆ ಮುಕ್ಕೊಡೆಯಿತ್ತು. ಅವು ಬುದ್ಧನವಲ್ಲ, ಜೈನರವು ಎಂದು ಮೊದಲ ದಿನವೇ ಅವನಿಗೆ ತಿಳಿಯಿತು. ಊರಿನವರಿಗೆ ಅದು ಅವರ ದೇವರು ಕರುಪ್ಪಣ್ಣಸಾಮಿಯ ಜಾಗ, ಅಷ್ಟೆ. ಅವನು ಮರುದಿನವೇ ಹೊರಟುಬಿಡಬಹುದಿತ್ತು. ಆದರೆ ಬಂಡೆಯ ಕೆಳಗೆ ಒಬ್ಬ ಹೆಂಗಸು, ಸತ್ತ ಕೂಸಿನ ಹರಕೆ ತೀರಿಸಲು ಬಂದವಳು, ಕಣ್ಣೀರನ್ನು ಒರೆಸಿಕೊಳ್ಳದೆ ನಿಂತಿದ್ದಳು. ತೊಕುಜಿ ಕಾಗದ ತೆಗೆದ. ಅಲ್ಲಿಂದ ಮೂರು ತಿಂಗಳು ಅವನು ಹನುಮಂತನಪಟ್ಟಿಯ ಮುಖಗಳನ್ನು ಬರೆದ.

ಅವನ ಬಾಯಲ್ಲಿ ಸಿಲೋನಿನಲ್ಲಿ ಕಲಿತ ತಮಿಳು, ಅದರ ಮೇಲೆ ಈ ಮನೆಯಲ್ಲಿ ಕಿವಿಗೆ ಬಿದ್ದ ನಾಲ್ಕು ಕನ್ನಡ ಮಾತು. ಹೆಸರು ನಾಲಿಗೆಗೆ ತಿರುಗದೆ ಜನ ತೊಕ್ಕುಸಾಮಿ ಎಂದರು. ನಾಟಿಯವರು, ಬಟ್ಟೆ ಒಗೆಯುವವರು, ಗಾಣದ ಮುದುಕ, ಎಲ್ಲರನ್ನೂ ಅವನು ಬರೆದ. ಪ್ರತಿ ಹಾಳೆಯ ಮೂಲೆಯಲ್ಲಿ, ಮುಖದ ಪಕ್ಕ, ತಂದೆ ಕೆತ್ತಿಕೊಟ್ಟಿದ್ದ ಪುಟ್ಟ ಕಲ್ಲಿನ ಮೊಹರನ್ನು ಕೆಂಪು ಬಣ್ಣದಲ್ಲಿ ಅದ್ದಿ ಒತ್ತುತ್ತಿದ್ದ. ಗೋವಿಂದಮ್ಮಾಳ್ ಮಾತ್ರ ಬರೆಸಿಕೊಳ್ಳಲಿಲ್ಲ. ಅವನು ಮೂರು ಸಲ ಕೇಳಿದ, ಅವಳು ಮೂರು ಸಲವೂ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. "ಬದುಕಿರೋರ ಮೊಗ ಕಾಗದದ ಮ್ಯಾಲೆ ಯಾಕೆ?" ಎಂದಳು.

ಚಿತ್ತಿರೈಯ ಬಿರುಬೇಸಗೆ ಕಳೆಯುವ ಹೊತ್ತಿಗೆ ಗಾಣದ ಮುದುಕ ವಾಂತಿಭೇದಿಯಾಗಿ ಸತ್ತ. ಅವನ ಮುಖ ಬರೆದು ಮೂರು ದಿನವಾಗಿತ್ತು.

ಆ ವರ್ಷಗಳಲ್ಲಿ ಕಣಿವೆಯ ಜನರ ಬಾಯಲ್ಲಿ ಇದ್ದದ್ದು ಒಂದೇ ಮಾತು, ಬೆಟ್ಟದ ಮೇಲಿನ ಪೆರಿಯಾರ್ ಅಣೆ. ಏಳು ವರ್ಷದಿಂದ ಅಲ್ಲಿ ಸಾವಿರಾರು ಜನ ಹೊಳೆಗೆ ಅಡ್ಡಗೋಡೆ ಕಟ್ಟುತ್ತಿದ್ದರು. ಪ್ರವಾಹ ಬಂದು ಕಟ್ಟಿದ್ದು ಕೊಚ್ಚಿಹೋಯಿತೆಂದು ಸುದ್ದಿ ಬಂದಾಗಲೆಲ್ಲ ಇನ್ನೊಂದು ಸುದ್ದಿ ಅದರ ಬೆನ್ನಿಗೆ ಹುಟ್ಟುತ್ತಿತ್ತು: ಅಣೆ ತಲೆ ಕೇಳುತ್ತಿದೆ, ಮಕ್ಕಳ ತಲೆ. ಅದನ್ನು ಹುಡುಕಿಕೊಡಲು ಆಳುಗಳು ಊರೂರು ಸುತ್ತುತ್ತಿದ್ದಾರೆ. ಸಂತೆಯಿಂದ ಬಂದವರು ಹೇಳುತ್ತಿದ್ದರು, ಬಾವಿಕಟ್ಟೆಯಲ್ಲಿ ಕೇಳಿದವರು ಮನೆಗೆ ಒಯ್ಯುತ್ತಿದ್ದರು. ಗಾಣದ ಮುದುಕ ಸತ್ತ ವಾರ ಯಾರೋ ಆ ಕೆಂಪು ಮುದ್ರೆಯನ್ನು ನೆನಪಿಸಿಕೊಂಡರು. ಆಡಿನ ಹಣೆಗೆ ಬಲಿಗೆ ಮುಂಚೆ ಕುಂಕುಮ ಇಡುತ್ತಾರಲ್ಲ, ಹಾಗೇ ಇದೆಯಲ್ಲ ಅದು?

ಮರುದಿನದಿಂದ ತೊಕುಜಿ ಬೀದಿಗಿಳಿದರೆ ತಾಯಂದಿರು ಮಕ್ಕಳನ್ನು ಒಳಗೆ ಎಳೆದುಕೊಳ್ಳತೊಡಗಿದರು. ಒಂದು ಮಧ್ಯಾಹ್ನ ಬೆನ್ನಿಗೆ ಕಲ್ಲು ಬಿತ್ತು. ತಿರುಗಿ ನೋಡಿದರೆ ಬೀದಿ ಖಾಲಿ.

"ಇದು ನಾನು ಹೆಸರು," ಎಂದು ಅವನು ಮೊಹರು ತೋರಿಸಿ ಗೋವಿಂದಮ್ಮಾಳ್‌ಗೆ ಹೇಳಿದ. "ಹೆಸರು ಮಾತ್ರ, ಅಕ್ಕಾ."

"ಎನಗೆ ಯೋಳಿ ಏನ್ ಬಂತು? ಊರಿಗೆ ಯೋಳಬೇಕು," ಎಂದಳು ಅವಳು. ಆದರೆ ಅವಳೂ ಆ ಮೊಹರನ್ನು ಮುಟ್ಟಲಿಲ್ಲ.

ಮರುತಿಂಗಳು, ವೈಕಾಸಿಯ ಒಂದು ಮಂಗಳವಾರ ಬೆಳಗ್ಗೆ ಎದುರು ಮನೆಯ ಮುತ್ತಮ್ಮಾಳ್‌ಳ ಮಗಳು ಸರಸು ಕಾಣೆಯಾದಳು. ಎಂಟು ವರ್ಷದ ಹುಡುಗಿ. ಅವಳಪ್ಪ ವೇಲುಸಾಮಿ ಅಣೆಯ ಕೆಲಸಕ್ಕೆ ಹೋಗಿ ಐದು ತಿಂಗಳಾಗಿತ್ತು, ಎರಡು ತಿಂಗಳಿಂದ ಸುದ್ದಿಯಿರಲಿಲ್ಲ. ತೊಕುಜಿ ಸರಸುವಿನ ಮುಖವನ್ನು ಬರೆದಿದ್ದ. ಊರಿನವರು ಬಾವಿಗಳಿಗೆ ಪಾತಾಳಗರಡಿ ಬಿಟ್ಟರು, ಕಬ್ಬಿನ ಹೊಲ ಜಾಲಾಡಿದರು. ಮಧ್ಯಾಹ್ನ ಪಿಚ್ಚೈ ಹೊರಟು ನಿಂತ.

"ಉತ್ತಮಪಾಳಯದ ರೋಡಲ್ಲಿ ಗಾಡಿಯೋರ ಹಿಂದೆ ಒಂದು ಪಾಪೆ ವೋಗ್ತಿತ್ತಂತೆ. ನೋಡ್ಕಂಡು ಬತ್ತೀನಿ. ಅಲ್ಲಿಗಂಟ ಈ ಮನುಷ್ಯನ್ನ ಈಚೆ ಬಿಡಬ್ಯಾಡ, ಅಕ್ಕಾ."

ಅವನು ಮರಳುವ ಮೊದಲೇ, ಬುಧವಾರ ಮಧ್ಯಾಹ್ನ, ಜನ ಬಂದರು. ಮುಂದೆ ಸರಸುವಿನ ಸೋದರಮಾವ ಕರುಪ್ಪಯ್ಯ, ಕೈಯಲ್ಲಿ ಕುಡುಗೋಲು. ಪಕ್ಕದಲ್ಲಿ ಊರಗೌಡ ಮೂಕಯ್ಯ. ಹಿಂದೆ ಐವತ್ತು ಅರವತ್ತು ಜನ, ಹೆಂಗಸರೂ ಇದ್ದರು. ಯಾರೂ ಕೂಗುತ್ತಿರಲಿಲ್ಲ. ಗೋವಿಂದಮ್ಮಾಳ್‌ಗೆ ಅದೇ ಹೆಚ್ಚು ಹೆದರಿಕೆ ತಂದದ್ದು.

"ದಾರಿ ಬಿಡು, ಅಕ್ಕಾ," ಎಂದ ಕರುಪ್ಪಯ್ಯ.

"ಎನ್ನ ಮನೆ ಬಾಗ್ಲಲ್ಲಿ ಎನಗೆ ದಾರಿ ಬಿಡು ಅಂತೀಯಾ?"

"ನಿನ್ನ ಮ್ಯಾಲೆ ಕ್ವಾಪ ಇಲ್ಲ. ಅವನ ಪೆಟ್ಟಿಗೆ ಬೇಕು. ಬರೆದಿರೋದೆಲ್ಲ ಸುಡಬೇಕು. ಆಮ್ಯಾಕೆ ಅವ್ನು ಬಾಯಿ ಬಿಡ್ಲಿ, ಪಾಪೇನ ಯಾರಿಗೆ ಕೊಟ್ಟ ಅಂತ."

ಕೊಟ್ಟಿಗೆಯ ಒಳಗೆ ತೊಕುಜಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ತಂದೆಯ ಜಾಗದಲ್ಲಿ ನಾನಿದ್ದಿದ್ದರೆ ಬೆಂಕಿಗೆ ಅಡ್ಡ ಬಿದ್ದು ಹೊಡೆದಾಡುತ್ತಿದ್ದೆ ಎಂದು ಇಪ್ಪತ್ತಾರು ವರ್ಷ ಅಂದುಕೊಂಡು ಬಂದವನು ಅವನು. ಈಗ ಬಾಗಿಲ ಸಂದಿಯಲ್ಲಿ ಆ ಮುಖಗಳು ಕಂಡವು. ಪ್ರತಿಯೊಂದನ್ನೂ ಅವನು ಗಂಟೆಗಟ್ಟಲೆ ನೋಡಿದ್ದ. ಕರುಪ್ಪಯ್ಯನ ಎಡಹುಬ್ಬಿನ ಗಾಯದ ಗುರುತು, ಮೂಕಯ್ಯನ ಕುಳಿಬಿದ್ದ ಕೆನ್ನೆ. ಅವು ದುಷ್ಟ ಮುಖಗಳಲ್ಲ, ಹೆದರಿದ ಮುಖಗಳು. ಅವನು ಪೆಟ್ಟಿಗೆ ಎತ್ತಿಕೊಂಡು ತಾನೇ ಹೊರಗೆ ಬಂದ.

ಅಂಗಳದ ನಡುವೆ ಅದನ್ನಿಟ್ಟು ಮಂಡಿಯೂರಿ ಕೂತು ಮುಚ್ಚಳ ತೆಗೆದ. ಮೇಲಿನ ಹಾಳೆ ತೆಗೆದು ಎರಡೂ ಕೈಯಲ್ಲಿ ಹಿಡಿದು, ಬಟ್ಟೆ ಒಗೆಯುವ ಹೆಂಗಸಿನ ಕಡೆ ಚಾಚಿದ.

"ನಿಮ್ಮ ಮುಖ. ನೀವು ತಗೊಳ್ಳಿ."

ಅವಳು ಹಿಂದೆ ಸರಿದಳು. ಅವನು ಕೈ ಚಾಚಿಕೊಂಡೇ ಇದ್ದ. ಕೊನೆಗೆ ಗೋವಿಂದಮ್ಮಾಳ್, "ಈಸ್ಕಳೇ! ನಿಂದು ನಿನಗೆ ಕೊಡ್ತವ್ನೆ," ಎಂದು ಗದರಿದ ಮೇಲೆ ಅವಳು ಬಂದು ಹಾಳೆಯನ್ನು ಕಿತ್ತುಕೊಂಡಳು. ನೋಡಿದಳು. ತಿರುಗಿಸಿ ಮತ್ತೆ ನೋಡಿದಳು.

"ಎನ್ನ ಮೂಗು ಇಂಗೈತಾ?" ಎಂದಳು ಮೆಲ್ಲಗೆ. ಯಾರೋ ಒಬ್ಬರು ನಕ್ಕು ತಕ್ಷಣ ಬಾಯಿ ಮುಚ್ಚಿಕೊಂಡರು.

ಒಂದೊಂದಾಗಿ ಅವನು ಹಾಳೆಗಳನ್ನು ಕೊಟ್ಟ. ಯಾರದ್ದು ಯಾವುದೆಂದು ಕೇಳಬೇಕಾಗಿರಲಿಲ್ಲ. ಕೆಲವರು ಅಲ್ಲೇ ಹರಿದು ಹಾಕಿದರು, ಕೆಲವರು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಗಾಣದ ಮುದುಕನ ಹಾಳೆಯನ್ನು ಅವನ ಮಗ ತೆಗೆದುಕೊಂಡು ನೆಲಕ್ಕೆ ಕೂತುಬಿಟ್ಟ. ಮೂಕಯ್ಯ ತನ್ನದನ್ನು ನೋಡಿ, ಹರಿಯದೆ ಮಡಿಸಿಕೊಂಡ. ಪೆಟ್ಟಿಗೆ ಖಾಲಿಯಾಗುತ್ತ ಬಂತು. ಮೂರು ತಿಂಗಳ ಕೆಲಸ ಜನರ ಕೈಯಲ್ಲಿ ಹೋಗುವುದನ್ನು ತೊಕುಜಿ ನೋಡುತ್ತಿದ್ದ.

ಆಗ ಮುತ್ತಮ್ಮಾಳ್ ಮುಂದೆ ಬಂದಳು. ಅತ್ತು ಅತ್ತು ಕಣ್ಣು ಬಾತಿತ್ತು.

"ಎನ್ನ ಪಾಪೇದು ಕೊಡು."

ತೊಕುಜಿ ಪೆಟ್ಟಿಗೆಗೆ ಕೈ ಹಾಕಿದ. ಉಳಿದಿದ್ದ ಹಾಳೆಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಮತ್ತೆ ನೋಡಿದ. ಪೆಟ್ಟಿಗೆಯನ್ನು ಬೋರಲು ಹಾಕಿ ಕುಂಚ, ಮಸಿಗಲ್ಲು ಎಲ್ಲವನ್ನೂ ನೆಲಕ್ಕೆ ಸುರಿದ. ಸರಸುವಿನ ಹಾಳೆ ಇರಲಿಲ್ಲ.

"ಇಲ್ಲ," ಎಂದ ಅವನು, ಅವನಿಗೇ ನಂಬಿಕೆಯಾಗದೆ. "ಇತ್ತು. ಇಲ್ಲಿ ಇತ್ತು."

"ಅಣೆಗೆ ಕಳಿಸವ್ನೆ!" ಕರುಪ್ಪಯ್ಯ ಕಿರುಚಿದ.

ಈಗ ಜನ ಕೂಗಿದರು, ನೆಲದ ಮೇಲೆ ಉಳಿದಿದ್ದ ಹಾಳೆಗಳನ್ನು ತುಳಿದು ಹರಿದು ಮುಂದೆ ನುಗ್ಗಿದರು. ನಾಲ್ಕು ಕೈಗಳು ತೊಕುಜಿಯನ್ನು ಎಳೆದು ಒರಳುಕಲ್ಲಿನ ಪಕ್ಕ ಕೆಡವಿದವು. ಒಬ್ಬ ಭುಜದ ಮೇಲೆ ಮಂಡಿಯೂರಿದ. ಇನ್ನೊಬ್ಬ ಬಲಗೈಯನ್ನು ಎಳೆದು ಕಲ್ಲಿನ ಅಂಚಿಗೆ ಒತ್ತಿ ಹಿಡಿದ. ಕರುಪ್ಪಯ್ಯ ಕುಡುಗೋಲನ್ನು ಮಣಿಕಟ್ಟಿಗೆ ತಾಕಿಸಿದ. ಚರ್ಮ ಸೀಳಿ ರಕ್ತ ಗೆರೆಯಾಗಿ ಇಳಿಯಿತು.

"ಯೋಳು! ಪಾಪೆ ಎಲ್ಲಿ?"

"ಕಡಿ!" ಎಂದಳು ಗೋವಿಂದಮ್ಮಾಳ್. ಅವಳ ಧ್ವನಿಗೆ ಎಲ್ಲರೂ ತಿರುಗಿದರು. "ಕಡಿ ಕರುಪ್ಪಯ್ಯ. ಆಮ್ಯಾಕೆ ಅವ್ನು ರಗುತ ವೋಗಿ ಸಾಯ್ತಾನೆ. ಪಾಪೆ ಎಲ್ಲೈತೆ ಅಂತ ಯಾರ್ನ ಕೇಳ್ತೀಯಾ?"

ಕುಡುಗೋಲು ನಿಂತಿತು. ಅವಳು ಒರಳಿನ ಎದುರಿಗೆ ಬಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ತಲೆಯ ಮೇಲಿನ ಸೆರಗನ್ನು ಹಿಂದಕ್ಕೆ ತಳ್ಳಿದಳು.

"ಎನ್ನ ಮೊಗ ಬರೀಲಿ. ಆ ಕೆಂಪೂ ಬೀಳ್ಲಿ. ಮುದ್ರೆ ಬಿದ್ದೋರ್ನ ಅಣೆ ಕೊಳ್ಳೋದು ನಿಜ ಆದ್ರೆ ಎನ್ನನ್ನ ಕೊಳ್ಲಿ, ನೀವೆಲ್ಲ ನೋಡಿ. ಶುಕ್ರವಾರ ಹೊತ್ತು ಮುಳುಗೋಗಂಟ ಎನಗೊಂದು ಕೇಡು ಆದ್ರೂ, ಪಿಚ್ಚೈ ಪಾಪೇನ ತರದೆ ವೋದ್ರೂ, ಇವ್ನ ಕೈ ನಿಮ್ದು. ನಾನು ಅಡ್ಡ ಬರಾಕಿಲ್ಲ."

ಮೂಕಯ್ಯ ಕರುಪ್ಪಯ್ಯನ ಕುಡುಗೋಲನ್ನು ಪಕ್ಕಕ್ಕೆ ಸರಿಸಿದ. "ಬರೀಲಿ," ಎಂದ.

ತೊಕುಜಿಯನ್ನು ಎಬ್ಬಿಸಿ ಕೂರಿಸಿದರು. ಅವನು ಮಸಿಗಲ್ಲಿಗೆ ನೀರು ಹಾಕಿ ಮಸಿ ತೇಯತೊಡಗಿದ. ಅದು ನಿಧಾನದ ಕೆಲಸ. ಅವಸರ ಮಾಡಿದರೆ ಮಸಿ ಗಂಟಾಗುತ್ತದೆ. ಜನ ಉಸಿರು ಬಿಡುವ ಸದ್ದು ಕೇಳುತ್ತಿತ್ತು. ಮಣಿಕಟ್ಟಿನ ರಕ್ತ ಹಾಳೆಗೆ ತಾಗದಂತೆ ಕೈಯನ್ನು ಪಂಚೆಯ ಚೂರಿನಿಂದ ಸುತ್ತಿಕೊಂಡ. ಕುಂಚ ಎತ್ತಿದ. ಗೋವಿಂದಮ್ಮಾಳ್ ಅವನನ್ನು ನೋಡುತ್ತಿರಲಿಲ್ಲ. ಅವಳ ಕಣ್ಣು ಕರುಪ್ಪಯ್ಯನ ಮೇಲಿತ್ತು. ಹಲ್ಲು ಕಚ್ಚಿದ್ದರಿಂದ ದವಡೆಯ ಮೂಳೆ ಎದ್ದಿತ್ತು, ಹಣೆಯ ಬೆವರು ಹುಬ್ಬಿನ ಮೇಲೆ ನಿಂತಿತ್ತು. ಅವಳಿಗೂ ಹೆದರಿಕೆಯಾಗಿದೆ, ಈ ಮುದ್ರೆಯನ್ನು ಅವಳೂ ಅರ್ಧ ನಂಬಿದ್ದಾಳೆ ಎಂದು ಆಗ ಅವನಿಗೆ ಅರ್ಥವಾಯಿತು. ಅವನು ಬರೆದ.

ಮುಗಿದ ಮೇಲೆ ಮೊಹರನ್ನು ಕೈಗೆತ್ತಿಕೊಂಡು ಸುಮ್ಮನೆ ಕೂತ.

"ಅಕ್ಕಾ, ವೇಂಡಾ. ಬೇಡ."

ಅವಳು ಬಗ್ಗಿ ಅವನ ಕೈಯಿಂದ ಕಲ್ಲನ್ನು ಕಿತ್ತುಕೊಂಡು, ಕೆಂಪಿನಲ್ಲಿ ಅದ್ದಿ, ತನ್ನ ಮುಖದ ಪಕ್ಕ ತಾನೇ ಒತ್ತಿದಳು.

ತೊಕುಜಿಯನ್ನು ಊರ ಚಾವಡಿಯ ಕಂಬಕ್ಕೆ ಕಟ್ಟಿದರು. ಗುರುವಾರ ಬೆಳಗ್ಗೆ ಗೋವಿಂದಮ್ಮಾಳ್ ಗಂಜಿ ತಂದಳು. ಬಟ್ಟಲನ್ನು ಅವನ ಬಾಯಿಗೆ ಹಿಡಿದಾಗ ಅದು ಅವನ ಹಲ್ಲಿಗೆ ಟಕಟಕ ಬಡಿಯಿತು. ಅವಳ ಬೆರಳು ಕೆಂಡದಂತೆ ಸುಡುತ್ತಿದ್ದವು.

"ಅಕ್ಕಾ, ಜ್ವರ..."

"ಬಾಯಿ ಬಿಡಬ್ಯಾಡ," ಎಂದಳು ಅವಳು ತುಟಿ ಅಲ್ಲಾಡಿಸದೆ. "ನೋಡ್ತಾವ್ರೆ."

ಹತ್ತು ಹೆಜ್ಜೆ ದೂರದಲ್ಲಿ ಕರುಪ್ಪಯ್ಯ ಕೂತಿದ್ದ. ಅವಳು ನೆಟ್ಟಗೆ ನಡೆದು ಹೋದಳು. ಅಂದು ದಿನದಂತೆ ಬಾವಿಗೆ ಹೋಗಿ ಎರಡು ಕೊಡ ನೀರು ತಂದಳು, ಹಸುವಿಗೆ ಹುಲ್ಲು ಹಾಕಿದಳು. ಒಳಗೆ ಬಂದು ಬಾಗಿಲು ಹಾಕಿಕೊಂಡ ಮೇಲೆಯೇ ಕಂಬಳಿ ಹೊದ್ದು ನಡುಗಿದಳು. ಮುದ್ರೆ ಬಿದ್ದ ಮರುದಿನವೇ ಜ್ವರ ಬಂದಿದೆಯೆಂದು ಊರಿಗೆ ಗೊತ್ತಾದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಅವಳಿಗೇ ಒಳಗೊಳಗೆ ಅದೇ ಯೋಚನೆ ಬರುತ್ತಿತ್ತು.

ಶುಕ್ರವಾರ ಬೆಳಗ್ಗೆ ಮುತ್ತಮ್ಮಾಳ್ ಬೆಂಕಿ ಕೇಳುವ ನೆವದಲ್ಲಿ ಒಳಗೆ ಬಂದು ಅವಳ ಮುಖ ನೋಡಿದಳು. ಹತ್ತಿರ ಬಂದು ಹಣೆ ಮುಟ್ಟಿದಳು.

"ಯೋಳ್ತೀಯಾ?" ಎಂದಳು ಗೋವಿಂದಮ್ಮಾಳ್.

ಮುತ್ತಮ್ಮಾಳ್ ಕೈ ಹಿಂದೆ ತೆಗೆದಳು. ಅವಳ ಮಗಳು ಹೋಗಿ ನಾಲ್ಕನೇ ದಿನ. "ಪಿಚ್ಚೈಯಣ್ಣ ಬರ್ಲಿ," ಎಂದಳು. ಆಮೇಲೆ ಕೆಂಡ ತೆಗೆದುಕೊಳ್ಳದೆಯೇ ಹೋದಳು.

ಮಧ್ಯಾಹ್ನ ಇಳಿದ ಮೇಲೆ ಗೋವಿಂದಮ್ಮಾಳ್ ಎದ್ದು ಮುಖ ತೊಳೆದು, ಚಾವಡಿಗೆ ಹೋಗಿ, ಎಲ್ಲರಿಗೂ ಕಾಣುವಂತೆ ಮರದ ಕೆಳಗೆ ಕೂತಳು. ಊರೆಲ್ಲ ಬಂದಿತ್ತು. ಬಿಸಿಲು ಬೆಟ್ಟದ ಕಡೆ ಜಾರುತ್ತಿತ್ತು. ಕರುಪ್ಪಯ್ಯ ಕುಡುಗೋಲನ್ನು ಮಡಿಲಲ್ಲಿಟ್ಟುಕೊಂಡು ನೆರಳನ್ನೇ ನೋಡುತ್ತಿದ್ದ. ಗೋವಿಂದಮ್ಮಾಳ್‌ಗೆ ಎದುರಿನ ಮುಖಗಳು ಎರಡೆರಡಾಗಿ ಕಾಣುತ್ತಿದ್ದವು. ಬೀಳಬಾರದೆಂದು ಬೆನ್ನನ್ನು ಮರಕ್ಕೆ ಒತ್ತಿಕೊಂಡಳು.

ನೆರಳು ಚಾವಡಿಯ ಮೆಟ್ಟಿಲು ಹತ್ತುತ್ತಿದ್ದಾಗ ಗಾಡಿಯ ಸದ್ದು ಕೇಳಿತು. ಎತ್ತುಗಳ ಪಕ್ಕ ಪಿಚ್ಚೈ ಓಡುತ್ತಿದ್ದ. ಹುಲ್ಲಿನ ಮೇಲೆ ಸರಸು ಕೂತಿದ್ದಳು, ಕೈಯಲ್ಲೊಂದು ಅರ್ಧ ತಿಂದ ಬಾಳೆಹಣ್ಣು.

ಮುತ್ತಮ್ಮಾಳ್ ಮಗಳನ್ನು ಎಳೆದುಕೊಂಡು ಮೊದಲು ಬೆನ್ನಿಗೆ ನಾಲ್ಕು ಬಾರಿಸಿದಳು, ಆಮೇಲೆ ಅಪ್ಪಿಕೊಂಡು ಬೊಬ್ಬೆ ಹೊಡೆದಳು.

"ಗೂಡಲೂರಿಂದ ಮ್ಯಾಲೆ, ಗಟ್ಟ ಅತ್ತಿ ವೋಗವ್ಳೆ," ಎಂದ ಪಿಚ್ಚೈ ಏದುಸಿರು ಬಿಡುತ್ತ. "ತೇಕಡಿಯಲ್ಲಿ ಅಣೆಯೋರು ಜ್ವರದೋರಿಗೆ ಅಂತ ಕಟ್ಟಿರೋ ಕೊಟ್ಟಾಯಲ್ಲಿ ವೇಲುಸಾಮಿ ಮಲಗವ್ನೆ. ಬದುಕವ್ನೆ, ಮುತ್ತಮ್ಮಾ. ಎದ್ದು ಕುಂತವ್ನೆ."

"ಪಡಂ ಎಲ್ಲಿ?" ಎಂದು ಮೂಕಯ್ಯ ಹುಡುಗಿಯನ್ನು ಕೇಳಿದ. "ನಿನ್ನ ಮೊಗದ ಪಡಂ?"

"ಅಪ್ಪನ ತಾವ ಐತೆ," ಎಂದಳು ಸರಸು ಅಳುವಿನ ನಡುವೆ. "ನಾನೇ ಪೆಟ್ಟಿಗೆಯಿಂದ ತಗಂಡೆ. ಅಪ್ಪ ಎನ್ನ ಮರ್ತೋಗೈತೆ ಅಂತ ತೋರಿಸಾಕೆ ವೋದೆ."

ಕರುಪ್ಪಯ್ಯ ಎದ್ದು ಕಂಬದ ಹತ್ತಿರ ಹೋದ. ಕುಡುಗೋಲಿನಿಂದ ಹಗ್ಗವನ್ನು ಕೊಯ್ದ. ತೊಕುಜಿಯ ಮಣಿಕಟ್ಟನ್ನು ಒಂದು ಗಳಿಗೆ ಹಿಡಿದುಕೊಂಡಿದ್ದು ಬಿಟ್ಟ. ಆಗಲೇ ಹಿಂದೆ ಧೊಪ್ಪನೆ ಸದ್ದಾಯಿತು. ಗೋವಿಂದಮ್ಮಾಳ್ ಮರದ ಕೆಳಗೆ ಉರುಳಿದ್ದಳು.

ಒಂಬತ್ತು ದಿನ ಜ್ವರ ಬಿಡಲಿಲ್ಲ. ಮುತ್ತಮ್ಮಾಳ್ ಒಳಗೆ ಅವಳ ಪಕ್ಕ ಕೂತಳು, ತೊಕುಜಿ ಹೊರಗೆ ಜಗಲಿಯ ಮೇಲೆ. ಅವನು ಏನನ್ನೂ ಬರೆಯಲಿಲ್ಲ. ಹತ್ತನೆಯ ದಿನ ಅವಳು ಬೆವರಿ ಎದ್ದು, ಹಸುವಿಗೆ ಯಾರಾದರೂ ನೀರು ಕುಡಿಸಿದಿರಾ ಎಂದು ಕೇಳಿದಳು.

ಮುಂದಿನ ತಿಂಗಳು, ಆನಿಯ ಮೊದಲ ವಾರ ತೊಕುಜಿ ಹೊರಟ. ಮೂಕಯ್ಯ ತನ್ನ ಹಾಳೆಯನ್ನು ಮಡಿಕೆ ಬಿಡಿಸಿ ತಂದು ಕೊಟ್ಟ. ಗಾಣದವನ ಮಗ ಕೊಡಲಿಲ್ಲ. ಬಟ್ಟೆ ಒಗೆಯುವವಳು ಕೊಟ್ಟಳು, ಮೂಗು ಸ್ವಲ್ಪ ಚಿಕ್ಕದು ಮಾಡು ಎಂದು ಹೇಳಿ. ಎಪ್ಪತ್ತು ಮುಖಗಳಲ್ಲಿ, ಗೋವಿಂದಮ್ಮಾಳ್ ಬರೆಸಿಕೊಂಡದ್ದೂ ಸೇರಿ, ಅವನ ಜೊತೆ ಹೋದದ್ದು ಮೂರು. ಬಾಗಿಲಲ್ಲಿ ಅವನು ತನ್ನ ದೇಶದ ರೀತಿಯಲ್ಲಿ ಸೊಂಟದವರೆಗೆ ಬಗ್ಗಿ ನಮಸ್ಕಾರ ಮಾಡಿದ.

"ಆ ಕೈಗೆ ಎಣ್ಣೆ ಅಚ್ಕೋ," ಎಂದಳು ಗೋವಿಂದಮ್ಮಾಳ್.

ತೊಕುಜಿ ಉತ್ತರಕ್ಕೆ ಹೋಗಿ ಬುದ್ಧ ಮಲಗಿದ ನೆಲವನ್ನೂ ನೋಡಿದ. ಜಪಾನಿಗೆ ಮರಳಿ, ತಂದೆಯ ಪಟ ಸುಟ್ಟ ದೇವಾಲಯದಲ್ಲೇ ಕೂತು, ಏಳು ವರ್ಷ ಪರಿನಿರ್ವಾಣವನ್ನು ಬರೆದ. ಉಳಿದ ಮುಖಗಳನ್ನು ನೆನಪಿನಿಂದ ತಂದ. ಬುದ್ಧನ ಪಾದವನ್ನು ಮುಟ್ಟಿ ಕೂರುವ ಮುದುಕಿಯ ಜಾಗದಲ್ಲಿ ಗೋವಿಂದಮ್ಮಾಳ್ ಕೂತಳು. ಪಟ ನೋಡಲು ಬಂದ ಊರ ಹಿರಿಯರು ಮುಖ ಸಿಂಡರಿಸಿದರು. ಎಲ್ಲರೂ ಅಳುತ್ತಿದ್ದಾರೆ, ಈ ಕಪ್ಪು ಹೆಂಗಸೊಬ್ಬಳು ಹಲ್ಲು ಕಚ್ಚಿ ಕೂತಿದ್ದಾಳೆ. ಇವಳಿಗೆ ಎರಡು ಹನಿ ಕಣ್ಣೀರು ಬರೆ ಎಂದರು. ಅವನು ಬರೆಯಲಿಲ್ಲ. ನಾಲ್ಕು ವರ್ಷ ಪಟ ಸುರುಳಿಯಾಗಿಯೇ ಇತ್ತು. ಆಮೇಲೆ ಬಂದ ಹೊಸ ಗುರು ಅದನ್ನು ತೂಗುಹಾಕಿಸಿದ. ಅರವತ್ತು ದಾಟುವವರೆಗೂ ತೊಕುಜಿ ದೇವಾಲಯಗಳಿಗೆ ಚಿತ್ರ ಬರೆದ, ದೊಡ್ಡ ಹೆಸರೇನೂ ಬರಲಿಲ್ಲ. ತಂದೆಯ ಸಮಾಧಿಗೆ ಮಾತ್ರ ಪ್ರತಿ ವರ್ಷ ಹೋಗಿ ಬಹಳ ಹೊತ್ತು ಕೂತಿರುತ್ತಿದ್ದ.

ಗೋವಿಂದಮ್ಮಾಳ್‌ಗೆ ಇದಾವುದೂ ಗೊತ್ತಾಗಲಿಲ್ಲ. ಅವನು ಹೋದ ಮರುವರ್ಷ ಐಪ್ಪಸಿಯ ಮಳೆಗಾಲದಲ್ಲಿ ಅಣೆಯ ನೀರು ಬೆಟ್ಟ ಇಳಿದು ಕಣಿವೆಗೆ ಬಂತು. ಮೊದಲ ನೀರು ಯಾರ ಗದ್ದೆಗೆ ಎಂದು ಕಾಲುವೆಯ ಮೇಲೆ ಕರುಪ್ಪಯ್ಯನಿಗೂ ಅವಳಿಗೂ ದೊಡ್ಡ ಜಗಳವಾಯಿತು. ಅವಳು ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊತ್ತು ನೆತ್ತಿಗೇರುವವರೆಗೂ ಬಯ್ದಳು. ಕೊನೆಗೆ ಕರುಪ್ಪಯ್ಯ ಹಾರೆ ಎತ್ತಿಕೊಂಡು, ಅವಳ ಗದ್ದೆಯ ಬದುವನ್ನು ತಾನೇ ಕಡಿದು ನೀರು ಬಿಟ್ಟ.